ಐದನೇ ಪೇಪರಿಗೆ ಇನ್ನೆರಡು ಬೇಕು

ಫೆಬ್ರವರಿ 3, 2025, ಸೋಮವಾರ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಈ ನೋಟ್‌ಬುಕ್ಕು ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ರೆಕಾರ್ಡ್ ಆಗಬೇಕಿತ್ತು. ಒಂದು ಬದಿ ಗ್ರಾಫ್, ಇನ್ನೊಂದು ಬದಿ ಗೆರೆ. ಇದರಲ್ಲಿ ನನ್ನ ಗೋಳು ಬರೆಯುವುದು ತಪ್ಪು ಅಂತ ಗೊತ್ತಿದೆ. ಬರೆದಿಡಬೇಕಾದಂಥ ದೊಡ್ಡ ಬದುಕೂ ನನ್ನದಲ್ಲ. ಆದರೆ ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳಿಗೆ ಒಬ್ಬಳೇ ಮಾತಾಡಿಕೊಳ್ಳಲು ಜಾಗ ಎಲ್ಲಿ? ಬಾತ್‌ರೂಮಿಗೆ ಹೋದರೂ ಹೊರಗೆ ನಾಲ್ಕು ಜನ ಬಕೆಟ್ ಹಿಡಿದು ನಿಂತಿರುತ್ತಾರೆ. ಆದ್ದರಿಂದ ಸಾರಿ. ಮೂರೇ ಪುಟ ಬರೆದು ನಿಲ್ಲಿಸುತ್ತೇನೆ.

ಇವತ್ತು ಆದದ್ದು ಇಷ್ಟು. ನಮ್ಮ ವಿಭಾಗದ ಮುಖ್ಯಸ್ಥರು ವಿವೇಕಾನಂದ ಸರ್ ಕ್ಲಾಸಿಗೆ ಬಂದು, “ಇಂಗ್ಲಿಷ್ ಛೊಲೊ ಯಾರಿಗೆ ಬರ್ತದ?” ಅಂತ ಕೇಳಿದರು. ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಜಡೆಯ ಕ್ಲಿಪ್ ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟೇ.

“ಹಾಂ, ನೀ ಬಾರವಾ. ಏನ್ ಹೆಸರು?”

“ಸುಷ್ಮಿತಾ ರೀ ಸರ್. ಫಸ್ಟ್ ಇಯರ್.”

“ಗುಲಾಮ್ ರಸೂಲ್ ಸರ್ದು ಇಂಪ್ಯಾಕ್ಟ್ ತೆಗೀಬೇಕು. ಮಾಡ್ತಿ ಹೌದಿಲ್ಲೋ?”

ಹೂಂ ಸರ್ ಅಂದೆ. ಇಂಪ್ಯಾಕ್ಟ್ ಅಂದರೆ ಏನು, ಅದನ್ನು ಎಲ್ಲಿಂದ ತೆಗೆಯಬೇಕು ಅಂತ ಕೇಳುವ ಮೊದಲೇ ಅಂದೆ.

ಆಮೇಲೆ ತಿಳಿದದ್ದು: ನಮ್ಮ ವಿಭಾಗದಲ್ಲೇ ಪಾಠ ಮಾಡುವ ಗುಲಾಮ್ ರಸೂಲ್ ಸರ್ ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಒಂದು ಕೋಣೆ ನಡೆಸುತ್ತಾರೆ. ಪ್ರತಿ ಗುರುವಾರ ಅಲ್ಲಿ ಹೆಣ್ಣುಮಕ್ಕಳ ರಕ್ತ ನೋಡಿ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಹೇಳಿ, ಮಾತ್ರೆ ಕೊಟ್ಟು ಕಳಿಸುತ್ತಾರೆ. ಅದಕ್ಕೆ ಬೆಂಗಳೂರಿನ ಒಂದು ಟ್ರಸ್ಟ್ ನೆರವು ಕೊಡುತ್ತದೆ. ಆ ನೆರವು ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ಮೂರು ವರ್ಷಕ್ಕೆ ಬೇಕಾದರೆ ಇದೇ 28ನೇ ತಾರೀಖು ಸಂಜೆ ಆರರೊಳಗೆ ಆನ್‌ಲೈನ್ ಫಾರ್ಮ್ ಹಾಕಬೇಕು. ಫಾರ್ಮಿನಲ್ಲಿ ಈ ಸಲ ಹೊಸ ಕಾಲಂ ಬಂದಿದೆ: ವಿಜ್ಞಾನಿ ಬರೆದ ಪೇಪರ್ ಎಷ್ಟು, ಬೇರೆಯವರು ತಮ್ಮ ಪೇಪರಿನಲ್ಲಿ ಅವನ್ನು ಎಷ್ಟು ಸಲ ಹೆಸರಿಸಿದ್ದಾರೆ, ಅಂದರೆ ಸೈಟೇಶನ್ ಎಷ್ಟು, ಮತ್ತು ಎಚ್-ಇಂಡೆಕ್ಸ್ ಎಷ್ಟು. ಫಾರ್ಮ್ ಹೋಗದಿದ್ದರೆ ಕೋಣೆಗೆ ಬೀಗ.

ಮೊದಲ ಇಂಟರ್ನಲ್‌ನಲ್ಲಿ ಐವತ್ತಕ್ಕೆ ಮೂವತ್ತೊಂದು ತೆಗೆದ ನನ್ನ ಕೈಗೆ ಇನ್ನೊಬ್ಬರ ಮಾರ್ಕ್ಸು!

ಫೆಬ್ರವರಿ 4, ಮಂಗಳವಾರ

ಪೇಪರ್‌ಗಳ ಲೆಕ್ಕ ಇಡುವ ವೆಬ್‌ಸೈಟಿನಲ್ಲಿ ಗುಲಾಮ್ ರಸೂಲ್ ಅಂತ ಟೈಪ್ ಮಾಡಿದೆ. 188 ಪೇಪರ್! ಎಚ್-ಇಂಡೆಕ್ಸ್ 31! ನಮ್ಮ ಕಾರಿಡಾರಿನಲ್ಲಿ ಟಿಫಿನ್ ಡಬ್ಬಿ ಹಿಡಿದು ಓಡಾಡುವ ಮನುಷ್ಯ ಇಷ್ಟು ದೊಡ್ಡವರು ಅಂತ ಯಾರಿಗೂ ಗೊತ್ತಿಲ್ಲ. ವಿವೇಕಾನಂದ ಸರ್‌ಗೆ ಓಡಿಹೋಗಿ ಹೇಳಿದೆ. ಅವರು ನನಗೆ ಶೇಕ್‌ಹ್ಯಾಂಡ್ ಕೊಟ್ಟರು.

ಫೆಬ್ರವರಿ 5, ಬುಧವಾರ

ಅವರಲ್ಲ. ಇನ್ನಾವುದೋ ದೇಶದ ಗುಲಾಮ್ ರಸೂಲ್. ಮಂಗಗಳ ಮೆದುಳಿನ ಮೇಲೆ ಕೆಲಸ ಮಾಡುತ್ತಾರಂತೆ.

“ಮಂಗ್ಯಾನ ಮಿದುಳು ಅಂತ ಬರೆದದ್ದು ಕಾಣಲಿಲ್ಲೇನವಾ?” ಎಂದರು ವಿವೇಕಾನಂದ ಸರ್.

“ಕಂಡಿತ್ರೀ ಸರ್. ದೊಡ್ಡೋರು ಏನಾದ್ರೂ ಮಾಡ್ತಿರ್ತಾರ ಅಂದ್ಕೊಂಡೆ.”

ನನ್ನ ರೂಮ್‌ಮೇಟ್ ಉಮ್ಮೆ ಹಾನಿಗೆ ಇದನ್ನು ಹೇಳಬಾರದಿತ್ತು. ರಾತ್ರಿ ಊಟಕ್ಕೆ ಹೋದಾಗ ಇಡೀ ಮೆಸ್ಸು ನನ್ನನ್ನು ನೋಡಿ ತಲೆ ಕೆರೆದುಕೊಳ್ಳುತ್ತಿತ್ತು, ಮಂಗನ ಹಾಗೆ.

ಫೆಬ್ರವರಿ 6, ಗುರುವಾರ

ನಿನ್ನೆ ಸಂಜೆ ಗುಲಾಮ್ ರಸೂಲ್ ಸರ್ ತಾವೇ ಬಂದು, “ಬೇಟಿ, ನನ್ನ ಪೇಪರ್ ಅರ್ಧ ಕಂಪ್ಯೂಟರ್‌ದಾಗ ಇಲ್ಲ, ಕಪಾಟಿನಾಗ ಅವ. ನಾಳೆ ಕಮಲಾಪುರಕ್ಕ ಬಾ,” ಅಂದಿದ್ದರು. ಮಂಗನ ಸುದ್ದಿ ಅವರಿಗೂ ಮುಟ್ಟಿತ್ತು. ಬಯ್ಯಲಿಲ್ಲ. “ಅವನ ಅಡ್ರೆಸ್ ಸಿಕ್ರ ಕೊಡು, ಸಲಾಮ್ ಹೇಳ್ತೀನಿ,” ಅಂದರು.

ಬೆಳಿಗ್ಗೆ ಬಸ್ ಹಿಡಿದೆವು. ನನಗೆ ಝೀರೋ ಟಿಕೆಟ್, ಸರ್‌ಗೆ ಪೂರಾ ಟಿಕೆಟ್. “ಇಷ್ಟು ವರ್ಷ ಓದಿ ಏನ್ ಬಂತು ನೋಡು,” ಅಂತ ಅವರು ಎರಡೂ ಚೀಟಿಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದರು. ಕಂಡಕ್ಟರ್ ಅಕ್ಕ ನಕ್ಕಿದ್ದೇ ನಕ್ಕಿದ್ದು.

ಕೋಣೆ ಇರುವುದು ಬಾಳೆಹಣ್ಣಿನ ಅಂಗಡಿಗಳ ಹಿಂದೆ. ಬಾಗಿಲಲ್ಲಿ ಬಂಡಮ್ಮ ಅಂತ ಒಬ್ಬರು ಹಾಜರಿ ಪುಸ್ತಕ ಹಿಡಿದು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹೆಸರಿಗೆ ಸಹಾಯಕಿ. ನಿಜಕ್ಕೂ ಅವರು ಹೋಗಿ ಬರುವ ಹೆಂಗಸರನ್ನು ಹಿಡಿಯುವ ಬಲೆ.

“ಏ ಮಸ್ತಾನಬಿ, ಸೊಸಿ ಎಲ್ಲಿ? ಹೋದ್ ವಾರನೂ ಇಲ್ಲ, ಈ ವಾರನೂ ಇಲ್ಲ!”

“ಸುಸ್ತ್ ಅಂತ ಮಲಗ್ಯಾಳ್ರೀ.”

“ಸುಸ್ತ್ ಅಂತನ ಕರ್ಕೊಂಡ್ ಬಾ ಅನ್ನೂದು! ಹುರುಪ್ ಇದ್ದಾಕಿನ್ನ ತಗೊಂಡ್ ನಾವೇನ್ ಕುಸ್ತಿ ಆಡ್ಸೋಣೇನು?”

ನಾನು ಕಪಾಟಿನ ಧೂಳು ಕೊಡವುತ್ತಿದ್ದಾಗ ಬಂಡಮ್ಮ ನನ್ನ ಕೈಯನ್ನೂ ಹಿಡಿದು, ಬೆರಳಿಗೆ ಚುಚ್ಚಿಯೇ ಬಿಟ್ಟರು. 9.1 ಬಂತು.

“ಎಷ್ಟಿರಬೇಕ್ರೀ?”

“ಹನ್ನೆರಡು.”

“ಒಂಬತ್ತಕ್ಕ ಪಾಸ್ ಮಾಡಂಗಿಲ್ಲೇನ್ರೀ?”

“ಇದ್ರಾಗ ಗ್ರೇಸ್ ಮಾರ್ಕ್ಸ್ ಇಲ್ಲ ತಂಗಿ.”

ಸರ್ ಪಟ್ಟಿ ನೋಡುತ್ತ ಕೇಳಿದರು: “ಹಾಸ್ಟೆಲ್‌ನ್ಯಾಗ ಊಟ ಆದ್ ಕೂಡ್ಲೇ ಚಹಾ ಕೊಡ್ತಾರೇನು?”

“ಹೌದ್ರೀ ಸರ್. ಪೀರಪ್ಪ ಕಾಕಾ ಅನ್ನ ಇಳಿಸಿದ ಒಲಿ ಮ್ಯಾಲೇ ಚಹಾ ಇಡ್ತಾರ. ಒಲಿ ಕಾಯ್ದಿರ್ತದ, ಗ್ಯಾಸ್ ಉಳೀತದ ಅಂತ.”

ಸರ್ ಒಂದು ಹಳೆಯ ಪೇಪರ್ ತೆಗೆದು ನನ್ನ ಮುಂದೆ ಇಟ್ಟರು. 2013ರದ್ದು. ಊಟದ ಬೆನ್ನಿಗೇ ಚಹಾ ಕುಡಿದರೆ ಊಟದಲ್ಲಿದ್ದ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಹಾಸ್ಟೆಲ್‌ನಲ್ಲಿ ನಾಲ್ಕು ತಿಂಗಳು ಚಹಾವನ್ನು ಒಂದು ತಾಸು ಮುಂದೆ ಹಾಕಿಸಿ, ಹುಡುಗಿಯರ ರಕ್ತ ನೋಡಿ ಬರೆದದ್ದು. ಏರಿತ್ತು.

“ಆ ಹಾಸ್ಟೆಲ್‌ದಾಗ ಈಗ ಚಹಾ ಯಾವಾಗ ಕೊಡ್ತಾರ್ರೀ ಸರ್?”

“ನಾ ಪೇಪರ್ ಬರ್ಕೊಂಡ್ ಹೊರಗ ಬಂದ ಮರುದಿನಾನ ಊಟದ ಜೋಡಿ,” ಅಂತ ಅವರು ನಕ್ಕರು.

ಫೆಬ್ರವರಿ 8, ಶನಿವಾರ

ಲೆಕ್ಕ ಮುಗಿಯಿತು. ಒಂಬತ್ತು ಪೇಪರ್. ಒಟ್ಟು ಸೈಟೇಶನ್ 39. ಎಚ್-ಇಂಡೆಕ್ಸ್ ಹೇಗೆ ಅಂದರೆ, ಹುಡುಗಿಯರನ್ನು ಪ್ರೇಯರ್‌ಗೆ ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ ಪೇಪರ್‌ಗಳನ್ನು ಸಾಲಾಗಿ ನಿಲ್ಲಿಸಬೇಕು. ಹೆಚ್ಚು ಸೈಟೇಶನ್ ಇದ್ದದ್ದು ಮುಂದೆ. ನಮ್ಮ ಸರ್ ಸಾಲು ಇದು: 14, 9, 6, 5, 3, 2, ಉಳಿದ ಮೂರು ಸೊನ್ನೆ. ಈಗ ಮುಂದಿನಿಂದ ಎಣಿಸುತ್ತ ಹೋಗಬೇಕು. ನಾಲ್ಕನೆಯದಕ್ಕೆ ಕನಿಷ್ಠ ನಾಲ್ಕು ಬೇಕು, ಐದಿದೆ, ಪಾಸು. ಐದನೆಯದಕ್ಕೆ ಕನಿಷ್ಠ ಐದು ಬೇಕು, ಮೂರೇ ಇದೆ. ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ ನಾಲ್ಕು.

ಐದನೇ ಪೇಪರ್ ಯಾವುದು? ಅದೇ, ಚಹಾದ್ದು.

ವಿವೇಕಾನಂದ ಸರ್ ಫಾರ್ಮಿನ ಸೂಚನೆಗಳನ್ನು ತೆಗೆದು ಬೆರಳಿಟ್ಟು ತೋರಿಸಿದರು. ಕನಿಷ್ಠ ಐದು ಇರಲೇಬೇಕು.

“ಎರಡಕ್ಕ ನಿಂತದಲ್ಲವಾ! ಎರಡೇ ಎರಡು!”

ಆ ವೆಬ್‌ಸೈಟಿನಲ್ಲಿ ಚಹಾದ ಪೇಪರಿನ ಪುಟದ ಮೇಲೆ ಇನ್ನೊಂದು ಸಂಖ್ಯೆ ಇದೆ. ಓದಿದವರು: 11. ಹನ್ನೆರಡು ವರ್ಷದಲ್ಲಿ ಹನ್ನೊಂದು ಜನ. ಓದಿದವರೇ ಇಲ್ಲದಿದ್ದರೆ ಸೈಟೇಶನ್ ಎಲ್ಲಿಂದ ಬರಬೇಕು?

ನನಗೊಂದು ಐಡಿಯಾ ಬಂದಿದೆ.

ಫೆಬ್ರವರಿ 9, ಭಾನುವಾರ

ದಸರೆಯಲ್ಲಿ ಆನ್‌ಲೈನ್ ರಂಗೋಲಿ ಸ್ಪರ್ಧೆಯಲ್ಲಿ ನಮ್ಮ ಹಾಸ್ಟೆಲ್ ಫಸ್ಟ್ ಬಂದದ್ದು ರಂಗೋಲಿಯಿಂದಲ್ಲ. ನೂರಾ ಹನ್ನೆರಡು ಹುಡುಗಿಯರು ಬಟನ್ ಒತ್ತಿದ್ದರಿಂದ. ಇದೂ ಅದೇ ಅಲ್ಲವೇ?

ಮಧ್ಯಾಹ್ನ ಉಮ್ಮೆ ಹಾನಿ ಮೆಸ್ಸಿನ ಬೆಂಚಿನ ಮೇಲೆ ಹತ್ತಿ ನಿಂತಳು.

“ಎಲ್ಲಾರೂ ಕೇಳ್ರೀ! ಗ್ರೂಪಿಗೆ ಒಂದ್ ಲಿಂಕ್ ಹಾಕೀನಿ. ಒತ್ತಿ ಪೇಪರ್ ತಗೀರಿ. ತಗೀಲಿಲ್ಲಂದ್ರ ಇವತ್ತ ಖೀರು ಇಲ್ಲ!”

ಅಡುಗೆ ಮನೆಯಿಂದ ಪೀರಪ್ಪ ಕಾಕಾ ಸೌಟು ಹಿಡಿದು ಹೊರಬಂದರು. “ಖೀರು ನಾ ಮಾಡೇ ಇಲ್ಲಲ್ಲ ತಂಗಿ!”

“ಅದಕ್ಕೇ ಇಲ್ಲ ಅಂದೆ ಕಾಕಾ. ನಾ ಸುಳ್ ಹೇಳ್ತೀನೇನು?”

ಎಲ್ಲರೂ ಒತ್ತಿದರು. ಕೆಲವರು ಅಕ್ಕಂದಿರ ಫೋನಿನಿಂದ, ಅಣ್ಣಂದಿರ ಫೋನಿನಿಂದಲೂ ಒತ್ತಿಸಿದರು. ಎಷ್ಟು ಖುಷಿಯಾಯಿತೆಂದರೆ ಚಹಾ ಎರಡು ಕಪ್ ಕುಡಿದೆ. ಊಟದ ಬೆನ್ನಿಗೇ.

ಫೆಬ್ರವರಿ 11, ಮಂಗಳವಾರ

ಓದಿದವರು: 214.
ಸೈಟೇಶನ್: 3.

“ಒತ್ತಿದ್ರ ಆಗಂಗಿಲ್ಲ ಬೇ,” ಎಂದಳು ಉಮ್ಮೆ ಹಾನಿ. “ಓದಿ, ಇನ್ನೊಂದ್ ಪೇಪರ್ ಬರ್ದು, ಅದ್ರಾಗ ಇವರ ಹೆಸರ್ ಹಾಕ್ಬೇಕಂತ. ನಾವ್ ಬರಿಯೂದು ಬರೇ ರೆಕಾರ್ಡು. ಅದೂ ಒಬ್ಬಾಕಿದ್ ನೋಡಿ ಒಬ್ಬಾಕಿ. ಅದ್ರಾಗ ಸೈಟೇಶನ್ ಹಾಕಿದ್ರ ನಿನ್ ಎಚ್-ಇಂಡೆಕ್ಸ್ ಇಷ್ಟೊತ್ತಿಗೆ ಮೂವತ್ತ್ ದಾಟ್ತಿತ್ತು.”

ಅವಳು ಮಾತ್ರ ಪೇಪರನ್ನು ಪೂರಾ ಓದಿದ್ದಾಳೆ. ಅವಳೂ, ಇನ್ನು ಐದು ಜನರೂ. ಇಂಗ್ಲಿಷ್ ತಿಳಿಯದ ಕಡೆ ನನ್ನನ್ನು ಕೇಳಿದರು. ಹೇಳಿಕೊಡುತ್ತ ಹೋದಾಗ ನನಗೂ ತಿಳಿಯಿತು, ಮೊನ್ನೆ ನಾನೂ ಪೂರಾ ಓದಿರಲಿಲ್ಲ ಅಂತ.

ಫೆಬ್ರವರಿ 12, ಬುಧವಾರ

ಜಗಳ. ಓದಿದ ಆರು ಜನ ಪೀರಪ್ಪ ಕಾಕಾನ ಹತ್ತಿರ ಹೋಗಿ ಮಧ್ಯಾಹ್ನದ ಚಹಾ ಮೂರು ಗಂಟೆಗೆ ಮಾಡಿ ಅಂದರು.

“ಎರಡ್ ಸಲ ಒಲಿ ಹಚ್ಚಲೇನು? ಗ್ಯಾಸ್ ನಿಮ್ಮಪ್ಪ ಕಳಸ್ತಾನೇನು?”

“ನಮ್ಮ ರಕ್ತದಾಗ ಕಬ್ಬಿಣ ಇಲ್ಲ ಕಾಕಾ.”

“ನನ್ ಕಡಾಯ್ದಾಗ ಅದ. ನೆಕ್ರಿ.”

ಉಳಿದ ನೂರಾ ಐದು ಹುಡುಗಿಯರು ಕಾಕಾನ ಪಾರ್ಟಿ. ಊಟವಾದ ಮೇಲೆ ಚಹಾ ಇಲ್ಲದಿದ್ದರೆ ಪ್ರಾಕ್ಟಿಕಲ್‌ನಲ್ಲಿ ನಿದ್ದೆ ಬರುತ್ತದೆ ಅನ್ನುವುದು ಅವರ ವಾದ. ನಾನು ಯಾವ ಕಡೆಯೂ ಹೋಗದೆ ತಟ್ಟೆ ತೊಳೆದೆ.

ಫೆಬ್ರವರಿ 14, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ.

ಇವತ್ತು ಗುಲಾಮ್ ರಸೂಲ್ ಸರ್ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಹೊತ್ತುಕೊಂಡು ವಿಭಾಗಕ್ಕೆ ಬಂದರು. ಜವಾನರಿಂದ ಹಿಡಿದು ಎಲ್ಲರಿಗೂ ಎರಡೆರಡು. ಇವತ್ತಿನ ತಾರೀಖು ನೋಡಿ ಹಿಂದಿನ ಬೆಂಚಿನಲ್ಲಿ ಕಿಸಕಿಸ ನಗು.

“ಏನ್ರೀ ಸರ್, ಯಾರಿಗೆ ಪ್ರಪೋಸ್ ಮಾಡೀರಿ?” ಎಂದರು ವಿವೇಕಾನಂದ ಸರ್.

“ವಿವೇಕ, ಆ ವೆಬ್‌ಸೈಟ್‌ನವ್ರು ಮೇಲ್ ಕಳಿಸ್ಯಾರ. ಈ ವಾರ ನಮ್ಮ ವಿಭಾಗದಾಗ ಎಲ್ಲಾರ್ಗಿಂತ ಹೆಚ್ಚ್ ಓದಿದ್ದು ನನ್ನ ಪೇಪರ್ ಅಂತ. ಚಹಾದ್ದು! ಇನ್ನೂರಾ ಹದಿನಾಲ್ಕು ಜನ! ಎಲ್ಲೆಲ್ಲಿ ಕುಂತು ಓದಾಕತ್ತಾರೋ ಏನೋ.”

ನನ್ನ ಕೈಗೆ ಮೂರು ಹಣ್ಣು ಕೊಟ್ಟರು. “ನೀ ಹುಡುಕಿ ಲಿಸ್ಟ್ ಮಾಡಿದ್ದಕ್ಕೇ ಕಂಡದ ಬೇಟಿ.”

ಎಲ್ಲಿ ಕುಂತು ಓದುತ್ತಾರೆ? ಹಾಸ್ಟೆಲ್ ಮೆಸ್ಸಿನಲ್ಲಿ ಕುಂತು, ಇಲ್ಲದ ಖೀರಿಗೆ ಹೆದರಿ.

ಫೆಬ್ರವರಿ 15, ಶನಿವಾರ

ಹೇಳಲಿಲ್ಲ.

ಫೆಬ್ರವರಿ 17, ಸೋಮವಾರ

ಹೇಳಲು ಹೋದೆ. ಸರ್ ಫೋನಿನಲ್ಲಿ ತಮ್ಮ ಅಕ್ಕನಿಗೆ ಇನ್ನೂರಾ ಹದಿನಾಲ್ಕು ಅನ್ನುತ್ತಿದ್ದರು. ಚಾಕ್‌ಪೀಸ್ ತೆಗೆದುಕೊಂಡು ವಾಪಸ್ ಬಂದೆ.

ಉಮ್ಮೆ ಹಾನಿ ಅಂದಳು, “ನೀ ಹೇಳಲಿಲ್ಲಂದ್ರ ಏನೂ ಆಗಂಗಿಲ್ಲ. ಖುಷಿ ಇದಾರ, ಇರ್ಲಿ ಬಿಡು.” ರಾತ್ರಿ ಮತ್ತೆ ಅವಳೇ, “ಆದ್ರ ಫಾರ್ಮ್‌ದಾಗ ಬರೆದ್ರ?”

ಫೆಬ್ರವರಿ 20, ಗುರುವಾರ

ಇವತ್ತು ಕಮಲಾಪುರದಲ್ಲಿ ನಲವತ್ತೊಂದು ಹೆಂಗಸರು ಬಂದಿದ್ದರು. ಮಸ್ತಾನಬಿಯವರ ಸೊಸೆಯೂ ಬಂದಿದ್ದಳು. 7.8. ಬಂಡಮ್ಮ ಅವಳನ್ನು ಎರಡೂ ಕೈಯಿಂದ ಹಿಡಿದು ಕೂರಿಸಿ, “ನೀ ನಡ್ಕೊಂತ ಬಂದಿದ್ದೇ ದೊಡ್ಡದವ್ವಾ,” ಅಂತ ಮಾತ್ರೆ ಕೈಗಿಟ್ಟು, ಚಹಾದ ಜೊತೆ ನುಂಗಬೇಡ ಅಂತ ಮೂರು ಸಲ ಹೇಳಿಸಿಕೊಂಡು ಕಳಿಸಿದರು. ಅವಳು ಬಾಗಿಲು ದಾಟುವುದನ್ನು ನೋಡುತ್ತ ಕೂತೆ. ಏಪ್ರಿಲ್‌ನಲ್ಲಿ ಈ ಬಾಗಿಲು ಇರದಿದ್ದರೆ ಇವಳು ರಕ್ತ ನೋಡಿಸಲು ಕಲಬುರಗಿಗೆ ಬರುವವಳಲ್ಲ.

ಮಧ್ಯಾಹ್ನ ಸರ್ ಫಾರ್ಮಿನ ‘ಇತರೆ ಮಾಹಿತಿ’ ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಿದ್ದೆ.

“ಬರಿ. ಈ ಪೇಪರ್ ಇತ್ತೀಚಿಗೆ ಎಲ್ಲ ಕಡೆಯ ಓದುಗರ ಗಮನ ಸೆಳೆದಿದ್ದು, ಇನ್ನೂರಾ…”

“ಅವರು ನಾವು, ಸರ್.”

“ಹಾಂ?”

“ಇನ್ನೂರಾ ಹದಿನಾಲ್ಕರಾಗ ಇನ್ನೂರಾ ಮೂರು ನಮ್ ಹಾಸ್ಟೆಲ್ ರೀ ಸರ್. ನಾನೇ ಒತ್ತಿಸೀನಿ. ಓದಿದ್ರ ಸೈಟೇಶನ್ ಬರ್ತದ ಅಂತ. ಬರಲಿಲ್ಲ. ನೀವು ಬಾಳೆಹಣ್ಣು ಹಂಚಿದ್ರಿ. ಆಮ್ಯಾಲ ನಂಗ ಹೇಳಾಕ ಆಗಲಿಲ್ಲ.”

ಒಂದೇ ಉಸಿರಿಗೆ ಹೇಳಿದ್ದರಿಂದ ಕೊನೆಯ ಮಾತು ಸಣ್ಣಗಾಯಿತು. ಸರ್ ಕಿಟಕಿಯ ಕಡೆ ತಿರುಗಿದರು. ಬಂಡಮ್ಮ ಪುಸ್ತಕ ಮುಚ್ಚಿ, “ಏನಾತ್ರೀ ಸಾಹೇಬ್ರ?” ಅಂದರು.

“ಉಳಿದ ಹನ್ನೊಂದು ಯಾರವು?” ಸರ್ ಕೇಳಿದರು.

“ಅವು ಮೊದಲಿನವು ರೀ ಸರ್. ಖರೇವು.”

“ಅದ್ರಾಗ ಏಳೆಂಟು ನಾನೇ ಬೇಟಿ. ಆಗಾಗ ತಗದ್ ನೋಡ್ತಿರ್ತೀನಿ, ಎಷ್ಟ್ ಆಗ್ಯಾವ ಅಂತ.”

ಮೊದಲು ನಕ್ಕದ್ದು ಬಂಡಮ್ಮ. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಆಮೇಲೆ ಸರ್. ನಾನು ಅಳುತ್ತಿದ್ದೆ ಅಂದುಕೊಂಡಿದ್ದೆ, ಆದರೆ ನಾನೂ ನಗುತ್ತಿದ್ದೆ.

“ಬಾಳೆಹಣ್ಣು ಏನ್ ಮಾಡೂದ್ರೀ ಈಗ?” ಎಂದರು ಬಂಡಮ್ಮ. “ತಿರುಗಿ ಇಸ್ಕೊಳ್ಳಾಕ ಬರ್ತದೇನು?”

ನಗು ಇಳಿದ ಮೇಲೆ ಸರ್ ನನ್ನ ಕೈಯಲ್ಲಿದ್ದ ಹಾಳೆ ಇಸಿದುಕೊಂಡು ಆ ಸಾಲನ್ನು ಮತ್ತೆ ಓದಿದರು. ಅವರಿಗೆ ಬೇಜಾರಾಗಿತ್ತು. ಗೊತ್ತಾಗುತ್ತಿತ್ತು. ಆಮೇಲೆ, “ಒತ್ತಿದ್ರೋ, ಇಲ್ಲಾ ಯಾರರ ಓದಿದ್ರೋ?” ಅಂದರು.

“ಆರು ಜನ ಪೂರಾ ಓದ್ಯಾರ್ರೀ. ನನ್ ಹಿಡಿದ್ರ ಏಳು.”

“ಏಳು! ಏನಂದ್ರು?”

“ಜಗಳಾಡಿದ್ರು ರೀ ಸರ್. ಅಡಗಿ ಕಾಕಾನ ಜೋಡಿ.”

ಸರ್ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು. ಯಾರು ಏನಂದರು, ಕಾಕಾ ಏನಂದರು, ಒಲೆ ಯಾವ ಸೈಜಿನದು, ಚಹಾ ಎಷ್ಟು ಲೀಟರ್, ಎಲ್ಲವನ್ನೂ ಕೇಳಿದರು. ಕೊನೆಗೆ ಇನ್ನೂರಾ ಹದಿನಾಲ್ಕರ ಸಾಲನ್ನು ನನ್ನ ಪೆನ್ನಿನಿಂದಲೇ ಹೊಡೆದುಹಾಕಿ, “ಒಲಿ ಎರಡ್ ಸಲ ಹಚ್ಚೂದ್ ಬ್ಯಾಡ. ದೊಡ್ಡ ಥರ್ಮಾಸ್ ಡಬ್ಬಿ ನಮ್ಮ ಮನ್ಯಾಗ ಅದ, ಮದಿವಿಗೆ ತಂದಿದ್ದು. ಒಯ್ದ್ ಕೊಡು ನಿಮ್ ಕಾಕಾಗ,” ಅಂದರು.

ಫೆಬ್ರವರಿ 22, ಶನಿವಾರ

ಉಮ್ಮೆ ಹಾನಿ ಮತ್ತು ನಾನು ಖೂಬಾ ಪ್ಲಾಟ್ ಬಡಾವಣೆಯ ಗುಲಾಮ್ ರಸೂಲ್ ಸರ್ ಮನೆಯಿಂದ ಆಟೋದಲ್ಲಿ ಥರ್ಮಾಸ್ ಡಬ್ಬಿ ತಂದೆವು. ಇಪ್ಪತ್ತು ಲೀಟರ್ ಹಿಡಿಯುತ್ತದೆ. ಆಟೋದಲ್ಲಿ ಅದಕ್ಕೆ ಒಂದು ಸೀಟು, ನಮ್ಮಿಬ್ಬರಿಗೆ ಒಂದು. ಪೀರಪ್ಪ ಕಾಕಾ ಅದರ ಸುತ್ತ ಎರಡು ಸುತ್ತು ಹಾಕಿ, “ನಳ ಸೋರ್ತದೇನು?” ಅಂತ ಮಾತ್ರ ಕೇಳಿದರು. ಅಂದರೆ ಒಪ್ಪಿದ ಹಾಗೆ.

ಸಂಜೆ ವಿವೇಕಾನಂದ ಸರ್ ಕರೆದರು. ಬಾಗಿಲು ಎಳೆದುಕೊಂಡು ಮೆಲ್ಲಗೆ ಹೇಳಿದರು.

“ನೋಡವಾ, ನನ್ ಇಬ್ಬರು ಸ್ಕಾಲರ್ಸ್ ಪೇಪರ್ ಬರೂ ತಿಂಗಳ ಹೊರಗ ಬರ್ತಾವ. ಒಂದೊಂದ್ರಾಗ ಚಹಾದ ಪೇಪರಿಂದು ಒಂದೊಂದು ಸೈಟೇಶನ್ ಹಾಕಸ್ತೀನಿ. ಎರಡಕ್ಕ ಎರಡಾತು. ನೀ ಈಗ್ಲೇ ಐದು ಅಂತ ಬರಿ.”

“ಅವು ಯಾತರ ಮ್ಯಾಲ್ರೀ ಸರ್?”

“ಒಂದು ಕಿಡ್ನಿ ಹರಳು. ಇನ್ನೊಂದು ಮೀನಿನ ಎಣ್ಣಿ.”

“ಮೀನಿನ ಎಣ್ಣಿದಾಗ ಚಹಾ ಎಲ್ಲಿ ಹಾಕ್ತೀರಿ ಸರ್?”

ಕುಹಕ ಮಾಡಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದೆ. ಅವರು ನನ್ನ ಮುಖ ನೋಡಿ, ತಮ್ಮ ಟೇಬಲ್ ನೋಡಿಕೊಂಡರು.

“ಮೊದಲ್ನೇ ಪ್ಯಾರಾದಾಗ. ಆಹಾರ ಪದ್ಧತಿ ಮುಖ್ಯ ಅಂತ ಒಂದ್ ಸಾಲ್ ಇರ್ತದ, ಅಲ್ಲಿ. ಎಲ್ಲಾರೂ ಮಾಡ್ತಾರವಾ. ಆ ಕೋಣಿ ಮುಚ್ಚಬಾರದು ಅಂತ ನನಗೂ ಅದ.”

ಅದು ನಿಜ. ಅವರ ಅಕ್ಕನ ಮಗಳಿಗೂ ಅಲ್ಲೇ ಮಾತ್ರೆ ಕೊಡಿಸಿದ್ದಾರೆ. ಒಳ್ಳೆಯವರು.

“ನಾಲ್ಕೇ ಬರೀತೀನ್ರೀ ಸರ್,” ಅಂದೆ. “ಇವತ್ತ ನಾಲ್ಕೇ ಅದ.”

“ಕೋಣಿ ಮುಚ್ಚಿದ್ರ?”

ಸ್ಟೇಪ್ಲರ್ ಇದ್ದರೆ ಕೊಡಿ ಸರ್ ಅಂತ ಕೇಳಿ ತೆಗೆದುಕೊಂಡು ಬಂದೆ.

ಸೋಮವಾರ ಎರಡನೇ ಇಂಟರ್ನಲ್ ಇದೆಯಂತೆ. ಉಮ್ಮೆ ಹಾನಿ ಹೇಳಿದ ಮೇಲೆ ನೆನಪಾಯಿತು. ಈಗ ಓದಬೇಕು.

ಫೆಬ್ರವರಿ 26, ಬುಧವಾರ

ಶಿವರಾತ್ರಿ ರಜೆ. ಅರ್ಧ ಹಾಸ್ಟೆಲ್ ಉಪವಾಸ, ಆದ್ದರಿಂದ ಚಹಾದ ಗಲಾಟೆ ಇರಲಿಲ್ಲ. ಆದರೆ ಸೋಮವಾರ ಮತ್ತು ಮಂಗಳವಾರ ಸರಿಯಾಗಿ ಮೂರಕ್ಕೆ ಡಬ್ಬಿಯ ನಳ ತಿರುಗಿತು. ಮೊದಲ ದಿನ ಬೈಗುಳ. “ಆರಿ ಹೋಗ್ಯದ”, “ಥರ್ಮಾಸ್ ವಾಸನಿ”. ಎರಡನೇ ದಿನ ಕಾಕಾ ಅದಕ್ಕೆ ಶುಂಠಿ ಹಾಕಿ ಎಲ್ಲರ ಬಾಯಿ ಮುಚ್ಚಿಸಿದರು. ಪ್ರಾಕ್ಟಿಕಲ್‌ನಲ್ಲಿ ಮಲಗಿದವರು ಒಟ್ಟು ಒಂಬತ್ತು. ಮೊದಲೂ ಅಷ್ಟೇ ಇದ್ದರು.

ಎಣಿಸಿ ಗುಲಾಮ್ ರಸೂಲ್ ಸರ್‌ಗೆ ಮೆಸೇಜ್ ಮಾಡಿದೆ. ಅವರು ಕಳಿಸಿದ್ದು: “ಶುಂಠಿ ಎಷ್ಟು ಗ್ರಾಂ?”

ಫೆಬ್ರವರಿ 28, ಶುಕ್ರವಾರ

ಸಂಜೆ ಐದಕ್ಕೆ ವಿಭಾಗದ ಕಂಪ್ಯೂಟರ್ ಮುಂದೆ ನಾನು, ಎರಡೂ ಬದಿಗೆ ಇಬ್ಬರು ಸರ್. ಪೇಪರ್ 9. ಸೈಟೇಶನ್ 39. ಎಚ್-ಇಂಡೆಕ್ಸ್ ಕಾಲಂನಲ್ಲಿ 4 ಒತ್ತಿದೆ. ಕೆಂಪು ಅಕ್ಷರದ ಒಂದು ಸಾಲು ಬಂತು. ಐದಕ್ಕಿಂತ ಕಡಿಮೆ ಸಂಖ್ಯೆಯನ್ನು ಸ್ವೀಕರಿಸಲಾಗುವುದಿಲ್ಲ. ಮುಂದಿನ ಪುಟವೇ ತೆರೆಯಲಿಲ್ಲ. ಕಾಲಂ ಖಾಲಿ ಬಿಟ್ಟೆ. ತೆರೆಯಲಿಲ್ಲ. ಮತ್ತೆ 4. ಮತ್ತೆ ಕೆಂಪು.

ವಿವೇಕಾನಂದ ಸರ್ ಅವರ ಬೆರಳು ನನ್ನ ಭುಜದ ಮೇಲಿಂದ ಐದರ ಕೀ ಕಡೆಗೆ ಬಂತು.

“ವಿವೇಕ, ಬಿಡು,” ಎಂದರು ಗುಲಾಮ್ ರಸೂಲ್ ಸರ್. ಬೆರಳು ಹಿಂದಕ್ಕೆ ಹೋಯಿತು.

ಫಾರ್ಮಿನ ಕೆಳಗೆ ಟ್ರಸ್ಟಿನ ಫೋನ್ ನಂಬರ್ ಇತ್ತು. ಮೂರು ಸಲ ಮಾಡಿದೆ, ಯಾರೂ ಎತ್ತಲಿಲ್ಲ. ನಾಲ್ಕನೇ ಸಲ ಕಾವಲುಗಾರರು ಎತ್ತಿದರು. ಫಾರ್ಮ್ ನೋಡುವ ಮೇಡಂ ಮೀಟಿಂಗ್‌ನಲ್ಲಿದ್ದಾರೆ, ಮೇಲ್ ಹಾಕಿದರೆ ನೋಡುತ್ತಾರೆ ಅಂದರು.

“ನಾ ಬರೀಲೇನು?” ಗುಲಾಮ್ ರಸೂಲ್ ಸರ್ ಕೇಳಿದರು.

“ಬ್ಯಾಡ್ರೀ ಸರ್. ನೀವ್ ಬರೆದ್ರ ಕ್ಷಮಿಸಿ ಅನ್ನೂದ್ರಾಗೇ ಆರ್ ಹೊಡೀತದ. ನಾ ಬರೀತೀನಿ.”

ಇಂಗ್ಲಿಷಿನಲ್ಲಿ ಎರಡು ಸಲ ಶುರು ಮಾಡಿ ಅಳಿಸಿದೆ. ಬೆಂಗಳೂರಿನವರಿಗೂ ಕನ್ನಡ ಬರುತ್ತದಲ್ಲ. 5:34ಕ್ಕೆ ಕಳಿಸಿದ್ದನ್ನು ಹಾಗೆಯೇ ಇಲ್ಲಿ ಇಳಿಸಿಡುತ್ತೇನೆ. ಕಾಯುತ್ತ ಕೂರುವುದಕ್ಕಿಂತ ಕೈಗೆ ಕೆಲಸ ಇದ್ದರೆ ಒಳ್ಳೆಯದು.

ಮಾನ್ಯ ಮೇಡಂ ಅವರಿಗೆ,

ನಾನು ಸುಷ್ಮಿತಾ ಬೀರಲಿಂಗ, ಕಲಬುರಗಿ, ಪ್ರಥಮ ವರ್ಷದ ವಿದ್ಯಾರ್ಥಿನಿ. ಡಾ. ಗುಲಾಮ್ ರಸೂಲ್ ಅವರ ಕಮಲಾಪುರದ ತಪಾಸಣೆ ಕೋಣೆಯ ಫಾರ್ಮನ್ನು ನಾನೇ ತುಂಬುತ್ತಿದ್ದೇನೆ. ಅವರ ಎಚ್-ಇಂಡೆಕ್ಸ್ ನಾಲ್ಕು. ನಿಮ್ಮ ಫಾರ್ಮ್ ನಾಲ್ಕನ್ನು ತೆಗೆದುಕೊಳ್ಳುತ್ತಿಲ್ಲ. ಐದು ಎಂದು ಬರೆದರೆ ತೆಗೆದುಕೊಳ್ಳುತ್ತದೆ, ಆದರೆ ಅದು ಸುಳ್ಳು. ಪೇಪರ್‌ಗಳ ಪಟ್ಟಿಯನ್ನು ಇದರ ಜೊತೆ ಕಳಿಸಿದ್ದೇನೆ. ನೀವೇ ಎಣಿಸಿ ನೋಡಬಹುದು. ಐದನೇ ಪೇಪರಿಗೆ ಇನ್ನೆರಡು ಸೈಟೇಶನ್ ಬೇಕು. ಅದನ್ನು 214 ಜನ ಓದಿದ್ದಾರೆ ಎಂದು ವೆಬ್‌ಸೈಟ್ ತೋರಿಸುತ್ತದೆ. ಅದರಲ್ಲಿ 203 ನಾನು ನಮ್ಮ ಹಾಸ್ಟೆಲ್‌ನವರಿಂದ ಒತ್ತಿಸಿದ್ದು, ದಯವಿಟ್ಟು ಕಳೆಯಿರಿ. ಆದರೆ ಅದನ್ನು ನಿಜವಾಗಿ ಓದಿದ ಏಳು ಜನರಿಂದಾಗಿ ಈ ವಾರ ನೂರಾ ಹನ್ನೆರಡು ಹುಡುಗಿಯರ ಚಹಾದ ಹೊತ್ತು ಬದಲಾಗಿದೆ. ಇದನ್ನು ಹಾಕಲು ಫಾರ್ಮಿನಲ್ಲಿ ಕಾಲಂ ಇಲ್ಲ.

ಹೋದ ವಾರ ಕೋಣೆಗೆ 41 ಹೆಂಗಸರು ಬಂದಿದ್ದರು. ನಿನ್ನೆ 46. ಹೋದ ವಾರ ಬಂದವರಲ್ಲಿ ಒಬ್ಬರಿಗೆ 7.8 ಇತ್ತು. ಅವರಿಗೆ ಏಪ್ರಿಲ್ 3ರಂದು ಮತ್ತೆ ಬರಲು ಹೇಳಿದ್ದೇವೆ. ಅವತ್ತು ಬಾಗಿಲು ತೆರೆದಿರುತ್ತದೋ ಇಲ್ಲವೋ ಎಂದು ಬಂಡಮ್ಮನವರು ಕೇಳುತ್ತಿದ್ದಾರೆ, ನನಗೆ ಹೇಳಲು ಬರುತ್ತಿಲ್ಲ.

ನಾಲ್ಕನ್ನು ನಾಲ್ಕು ಎಂದೇ ಹಾಕಲು ಒಂದು ದಾರಿ ಮಾಡಿಕೊಡಿ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದಾದರೂ ತಿಳಿಸಿ, ಬೇರೆ ಕಡೆ ಕೇಳುತ್ತೇವೆ. ಫಾರ್ಮ್ ಆರು ಗಂಟೆಗೆ ಮುಚ್ಚುತ್ತದೆ, ನಾವು ಮೂವರೂ ಕಂಪ್ಯೂಟರ್ ಮುಂದೆಯೇ ಕೂತಿದ್ದೇವೆ. ದಯವಿಟ್ಟು ಬೇಗ ಉತ್ತರ ಕೊಡಿ.